ಕುರ್ಚಿಯೊಳಗೆ ಸ್ಪೀಕರ್ ಕೂರಿಸಿದರೆ ಕಿವಿಗೆ ಅಪಾಯವಿಲ್ಲವೇ?

ಕುರ್ಚಿಯಲ್ಲಿ ತಲೆ ಒರಗುವ ಕಡೆ ಹಳೆ ಕಾರಿನ ಸ್ಪೀಕರ್ ಕೂರಿಸಿದರೆ ಮನೆಯಲ್ಲೇ ಥಿಯೇಟರ್, ಇಯರ್‌ಫೋನ್ ಅಲ್ಲವಾದ್ದರಿಂದ ಕಿವಿಗೂ ಹಾನಿಯಿಲ್ಲ ಎಂಬ ಮಾತನ್ನು ಕೊಣನೂರಿನ ಓದುಗರೊಬ್ಬರು ನಮಗೆ ಕಳುಹಿಸಿದ್ದಾರೆ. ಮೊದಲರ್ಧ ಆಗುವ ಮಾತು. ಎರಡನೆಯದು ತಪ್ಪು.

ಬರೀ ತೂತು ಕೊರೆದು ಸ್ಪೀಕರ್ ಬಿಗಿದರೆ ಬೇಸ್ ಸರಿಯಾಗಿ ಬರುವುದಿಲ್ಲ. ಕೋನ್ ಮುಂದಕ್ಕೆ ಗಾಳಿ ತಳ್ಳುವಾಗ ಹಿಂದಿನಿಂದ ಎಳೆಯುತ್ತದೆ. ಎರಡೂ ಅಲೆಗಳು ಸೇರಿ ಒಂದನ್ನೊಂದು ಅಳಿಸುತ್ತವೆ. ಅದಕ್ಕೇ ಹಿಂಬದಿಗೆ ಮುಚ್ಚಿದ ಪೆಟ್ಟಿಗೆ ಬೇಕು. (ಪಕ್ಕದ ರುದ್ರಪಟ್ಟಣ ಸಂಗೀತಗಾರರ ಊರು, ಅಲ್ಲಿನವರು ಇದನ್ನು ತಂಬೂರಿಯ ಬುರುಡೆ ಎಂದುಕೊಳ್ಳಬಹುದು. ಅಲ್ಲ. ಬುರುಡೆ ನಾದವನ್ನು ಹಿಗ್ಗಿಸುತ್ತದೆ, ಈ ಪೆಟ್ಟಿಗೆ ಹಿಂದಿನ ಅಲೆಯನ್ನು ತಡೆಯುತ್ತದೆ.)

ಇನ್ನು ಕಿವಿ. ಬಯಲಿನಲ್ಲಿ ದೂರ ಅರ್ಧವಾದಂತೆಲ್ಲ ಸದ್ದು ಸುಮಾರು 6 ಡೆಸಿಬಲ್ ಏರುತ್ತದೆ. 2 ಮೀಟರ್ ಆಚೆಯಿದ್ದ ಸ್ಪೀಕರ್ 25 ಸೆಂಟಿಮೀಟರ್‌ಗೆ ಬಂದರೆ 18 ಡೆಸಿಬಲ್ ಹೆಚ್ಚು. ಕೋಣೆಯೊಳಗೆ ಅಷ್ಟಾಗದಿದ್ದರೂ ಏರಿಕೆ ದೊಡ್ಡದೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬಲ್ ಆದರೆ ವಾರಕ್ಕೆ 40 ಗಂಟೆ ಕೇಳಬಹುದು. 90 ಆದರೆ 4 ಗಂಟೆ ಮಾತ್ರ. ಸದ್ದು ಇಯರ್‌ಫೋನಿನದೋ ಕುರ್ಚಿಯದೋ ಕಿವಿ ಕೇಳುವುದಿಲ್ಲ.

ಮಾಡಿಯೇ ನೋಡುವವರು ಆಂಪ್ಲಿಫೈಯರನ್ನೂ ಬ್ಯಾಟರಿಯನ್ನೂ ಫೋಮಿನೊಳಗೆ ಹುದುಗಿಸಬೇಡಿ, ಬಿಸಿಯಾಗುತ್ತವೆ. ಎದ್ದ ಮೇಲೆ ಕಿವಿ ಗುಂಯ್ ಎನ್ನುತ್ತಿದ್ದರೆ ವಾಲ್ಯೂಮ್ ಆಗಲೇ ಜಾಸ್ತಿಯಾಗಿತ್ತು.