ಘಾಟಿ ದಾರಿಯಲ್ಲಿ ಆಟೊಮ್ಯಾಟಿಕ್ ಕಾರು: ಗೇರ್‌ಪೆಟ್ಟಿಗೆಯ ತೈಲ ತಣಿಯುವುದು ಹೇಗೆ?

ಕೊಳ್ಳೇಗಾಲ: ಹನೂರು, ಕೌದಳ್ಳಿ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ತೆರಳುವ ವಾಹನಗಳು ತಾಳಬೆಟ್ಟದಿಂದ ಘಾಟಿ ಏರಬೇಕು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಯೂ ಅಂಥದ್ದೇ. ಶಿವರಾತ್ರಿ, ದೀಪಾವಳಿ, ಅಮಾವಾಸ್ಯೆಯ ದಟ್ಟಣೆಯಲ್ಲಿ ಆಮೆಗತಿಯಲ್ಲಿ ಏರುವ ಆಟೊಮ್ಯಾಟಿಕ್ ಕಾರುಗಳ ಗೇರ್‌ಪೆಟ್ಟಿಗೆಗೆ ಇದು ನಿಜವಾದ ಪರೀಕ್ಷೆ.

ಶಾಖ ಏಕೆ?
ಇಂತಹ ಬಹುತೇಕ ಕಾರುಗಳಲ್ಲಿ ಎಂಜಿನ್ನಿನ ಶಕ್ತಿಯನ್ನು ಟಾರ್ಕ್ ಕನ್ವರ್ಟರ್ ಎಂಬ ಸಾಧನವು ತೈಲದ ಮೂಲಕ ಗೇರ್‌ಪೆಟ್ಟಿಗೆಗೆ ದಾಟಿಸುತ್ತದೆ. ಏರಿನಲ್ಲಿ ನಿಧಾನವಾಗಿ ಸಾಗುವಾಗ ಎಂಜಿನ್ನಿನ ವೇಗಕ್ಕೆ ಗೇರ್‌ಪೆಟ್ಟಿಗೆ ಸರಿಗಟ್ಟುವುದಿಲ್ಲ. ಆಗ ವ್ಯರ್ಥವಾಗುವ ಶಕ್ತಿ ತೈಲದಲ್ಲಿ ಶಾಖವಾಗುತ್ತದೆ. ತೈಲದ ಉಷ್ಣತೆ ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದು 120 ಡಿಗ್ರಿ ಮೀರಿ ಹೆಚ್ಚು ಹೊತ್ತು ಉಳಿದರೆ ತೈಲ ಬೇಗ ಕೆಡುತ್ತದೆ. ಸೀಲುಗಳು ಗಡುಸಾಗಿ, ಒಳಗಿನ ಕ್ಲಚ್ ಫಲಕಗಳು ಸುಡುವ ಅಪಾಯವಿದೆ.

ನಿಯಂತ್ರಣ ಹೇಗೆ?
ಪಂಪು ತೈಲವನ್ನು ಕೂಲರಿಗೆ ಕಳುಹಿಸುತ್ತದೆ. ಹಲವು ಕಾರುಗಳಲ್ಲಿ ಈ ಕೂಲರ್ ರೇಡಿಯೇಟರಿನ ತೊಟ್ಟಿಯೊಳಗೇ ಇರುತ್ತದೆ. ಕೆಲವದರಲ್ಲಿ ಗಾಳಿಗೆ ಒಡ್ಡಿದ ಪ್ರತ್ಯೇಕ ಕೂಲರ್ ಇರುತ್ತದೆ. ತಣ್ಣಗಿನ ತೈಲ ಮಂದವಾಗಿರುವುದರಿಂದ ಅತಿಯಾದ ತಂಪೂ ಹಿತವಲ್ಲ. ಆದ್ದರಿಂದ ಕೆಲವು ಮಾದರಿಗಳಲ್ಲಿ ಥರ್ಮೋಸ್ಟಾಟ್ ಕವಾಟವು ತೈಲ ಬಿಸಿಯಾಗುವವರೆಗೆ ಕೂಲರಿನ ದಾರಿಯನ್ನು ಮುಚ್ಚಿರುತ್ತದೆ. ಸಂವೇದಕದ ಮಾಹಿತಿ ಪಡೆಯುವ ನಿಯಂತ್ರಣ ಘಟಕವು ಶಾಖ ಏರಿದಾಗ ಗೇರ್ ಬದಲಾವಣೆಯ ಕ್ರಮವನ್ನು ಮಾರ್ಪಡಿಸುತ್ತದೆ, ಸಾಧ್ಯವಾದಲ್ಲಿ ಕನ್ವರ್ಟರನ್ನು ಬಿಗಿಗೊಳಿಸಿ ಜಾರುವಿಕೆ ತಡೆಯುತ್ತದೆ. ಮಿತಿ ಮೀರಿದರೆ ಎಚ್ಚರಿಕೆ ದೀಪ ಬೆಳಗುತ್ತದೆ.

ಚಾಲಕರು ಗಮನಿಸಬೇಕಾದದ್ದು
ಏರಿನಲ್ಲಿ ಕೆಳ ಗೇರನ್ನು ಆರಿಸಿಕೊಳ್ಳುವುದು ಸೂಕ್ತ. ದಟ್ಟಣೆಯಲ್ಲಿ ನಿಂತಾಗ ಆಕ್ಸಲರೇಟರ್ ಒತ್ತಿ ಕಾರನ್ನು ತಡೆಹಿಡಿಯದೆ ಬ್ರೇಕ್ ಬಳಸಬೇಕು. ಎಚ್ಚರಿಕೆ ದೀಪ ಕಂಡರೆ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ‘ಪಿ’ ಸ್ಥಾನಕ್ಕೆ ತಂದು, ಕೈಬ್ರೇಕ್ ಹಾಕಿ ಎಂಜಿನ್ ಚಾಲೂ ಇಡಬೇಕು. ಎಂಜಿನ್ ನಿಂತರೆ ಪಂಪೂ ನಿಂತು ತೈಲ ಕೂಲರಿಗೆ ಹರಿಯುವುದಿಲ್ಲ. ಎಂಜಿನ್ನೇ ಅತಿಯಾಗಿ ಕಾದಿದ್ದರೆ ಮಾತ್ರ ಕೈಪಿಡಿಯ ಸೂಚನೆ ಪಾಲಿಸಬೇಕು. ಎರಡೂ ಬೆಟ್ಟಗಳ ದಾರಿ ವನ್ಯಜೀವಿಗಳ ಅರಣ್ಯದೊಳಗೆ ಸಾಗುತ್ತದೆ. ಬಿಳಿಗಿರಿರಂಗನ ಬೆಟ್ಟವು 2011ರಿಂದ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ಎಲ್ಲೆಂದರಲ್ಲಿ ನಿಲ್ಲುವುದು ಕ್ಷೇಮವಲ್ಲವಾದ್ದರಿಂದ ಹೊರಡುವ ಮುನ್ನವೇ ತೈಲ ಪರೀಕ್ಷಿಸಿಕೊಳ್ಳುವುದು ಒಳಿತು. ಕಂದುಬಣ್ಣ, ಸುಟ್ಟ ವಾಸನೆ ತೈಲ ಕೆಟ್ಟಿರುವುದರ ಕುರುಹು. ಹಾಲು ಬೆರೆತಂತೆ ಕಂಡರೆ ರೇಡಿಯೇಟರಿನ ನೀರು ಸೇರಿರಬಹುದು; ಅಂತಹ ಕಾರನ್ನು ಬೆಟ್ಟಕ್ಕೆ ಒಯ್ಯಬಾರದು.

ಎಎಂಟಿ ಕಾರುಗಳ ವಿಷಯ ಬೇರೆ. ಅವುಗಳಲ್ಲಿ ಟಾರ್ಕ್ ಕನ್ವರ್ಟರ್ ಇಲ್ಲ; ಏರಿನಲ್ಲಿ ಕಾಯುವುದು ಸಾಮಾನ್ಯ ಕ್ಲಚ್ಚೇ.