ಪ್ಲೇಟೊ ಪರದೆಯಿಂದ ನನ್ನ ಲ್ಯಾಪ್‌ಟಾಪಿಗೆ

ಮಗಳಿಗೆ ಎರಡು ವರ್ಷ ತುಂಬಿದಾಗ, ಮತ್ತೆ ಕೆಲಸಕ್ಕೆ ಸೇರುವ ಆಸೆಯಿಂದ ಎನ್‌ಪಿಟಿಇಎಲ್‌ನ 12 ವಾರಗಳ ಆನ್‌ಲೈನ್ ಕೋರ್ಸಿಗೆ ಹೆಸರು ಕೊಟ್ಟೆ. ಎಂ.ಟೆಕ್. ಮಾಡಿದ್ದೇನೆಂಬ ಧೈರ್ಯ ಮೂರನೇ ವಾರಕ್ಕೇ ಇಳಿದುಹೋಯಿತು. ಮಗು ಮಲಗಿದ ಮೇಲೆ ವಿಡಿಯೊ ಹಾಕಿಕೊಂಡು ಕೂರುತ್ತಿದ್ದೆ. ಎಷ್ಟು ಸಲ ಹಿಂದೆ ಸರಿಸಿ ನೋಡಿದರೂ ಮೇಷ್ಟ್ರು ಹೇಳಿದ್ದನ್ನೇ ಹೇಳುತ್ತಿದ್ದರು. ನನ್ನ ಅನುಮಾನ ಅವರಿಗೆಲ್ಲಿ ಕೇಳಿಸಬೇಕು? ಬಿಟ್ಟುಬಿಡೋಣ ಎಂದುಕೊಂಡ ರಾತ್ರಿ, ಚರ್ಚೆಯ ಪುಟದಲ್ಲಿ ಸಂಕೋಚದಿಂದಲೇ ಪ್ರಶ್ನೆ ಬರೆದೆ. ಬೆಳಗ್ಗೆ ನೋಡಿದರೆ ಸಹಪಾಠಿಯೊಬ್ಬರು ಉತ್ತರಿಸಿದ್ದರು. ಅವರೂ ಅಲ್ಲೇ ಎಡವಿದ್ದರಂತೆ.

ಇಂಥ ಪುಟ ಮೊದಲು ಹುಟ್ಟಿದ್ದೆಲ್ಲಿ ಎಂಬ ಕುತೂಹಲ ನನ್ನನ್ನು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕರೆದೊಯ್ದಿತು. 1960ರಲ್ಲಿ ಅಲ್ಲಿ ಡೊನಾಲ್ಡ್ ಬಿಟ್ಜರ್ 'ಪ್ಲೇಟೊ' ಎಂಬ ಕಲಿಸುವ ಕಂಪ್ಯೂಟರ್ ವ್ಯವಸ್ಥೆ ಶುರು ಮಾಡಿದರು. ಯಂತ್ರ ಪಾಠ ತೋರಿಸಿ ಪ್ರಶ್ನೆ ಕೇಳಬೇಕು, ಉತ್ತರ ಸರಿಯೋ ತಪ್ಪೋ ಹೇಳಬೇಕು. ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಮಾತಾಡುವುದು ಮೂಲ ಯೋಜನೆಯ ಉದ್ದೇಶವಾಗಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಅದಕ್ಕೆ ಕಿತ್ತಳೆ ಬಣ್ಣದ ಅಕ್ಷರ ಮೂಡುವ ಪರದೆ ಬಂತು. ಬೆರಳಿಟ್ಟರೆ ಗುರುತಿಸುವ ಪರದೆ ಅದು, ಆಗಿನ ಕಾಲಕ್ಕೇ!

ದೋಷಗಳನ್ನು ವರದಿ ಮಾಡಲು ಎಲ್ಲರೂ ಒಂದೇ ಫೈಲಿನಲ್ಲಿ ಬರೆಯುತ್ತಿದ್ದರು. ಯಾರ ಮಾತನ್ನು ಯಾರು ಬೇಕಾದರೂ ಅಳಿಸಬಹುದಿತ್ತು. 1973ರಲ್ಲಿ ಇದಕ್ಕೆ ಪರಿಹಾರವಾಗಿ 'ನೋಟ್ಸ್' ಎಂಬ ಪ್ರೋಗ್ರಾಂ ಬರೆದವನು 17 ವರ್ಷದ ಡೇವಿಡ್ ವೂಲಿ. ಪ್ರತಿ ಬರಹಕ್ಕೂ ಹೆಸರು, ತಾರೀಖು ತಾನಾಗಿ ಬೀಳುತ್ತಿತ್ತು. ಕೆಳಗೆ ಇತರರು ಉತ್ತರ ಸೇರಿಸಬಹುದಿತ್ತು. ಅವನು ಮಾಡಿದ ಮೂರು ವಿಭಾಗಗಳಲ್ಲಿ ಒಂದು ಹೊಸಬರ ಪ್ರಶ್ನೆಗಳಿಗೇ ಮೀಸಲು. ಕೋಡ್ ಬರೆಯುವ ನನಗೆ ಇದು ದೊಡ್ಡ ಕೆಲಸವಾಗಿ ಕಾಣುವುದಿಲ್ಲ. ಆದರೆ ಗುರುತಿಲ್ಲದವರ ಮುಂದೆ 'ನನಗೆ ಗೊತ್ತಿಲ್ಲ' ಎನ್ನಲು ಇಷ್ಟಾದರೂ ಭರವಸೆ ಬೇಕಲ್ಲ! ಕೆಲವೇ ವರ್ಷಗಳಲ್ಲಿ ಜನ ಅಲ್ಲಿ ಸಿನಿಮಾ, ಪುಸ್ತಕ, ಸಂಗೀತದ ಹರಟೆಯನ್ನೂ ಹೊಡೆಯತೊಡಗಿದರು.

2008ರಲ್ಲಿ ಕೆನಡಾದ ಜಾರ್ಜ್ ಸೀಮೆನ್ಸ್, ಸ್ಟೀಫನ್ ಡೌನ್ಸ್ ಕಲಿಯುವವರ ಮಾತುಕತೆಯನ್ನೇ ಪಾಠದ ತಿರುಳಾಗಿಸಿ ಒಂದು ಕೋರ್ಸ್ ನಡೆಸಿದರು. ಹಣ ಕಟ್ಟಿದವರು ಸುಮಾರು 25. ಉಚಿತವಾಗಿ ಸೇರಿದವರು 2,000ಕ್ಕೂ ಹೆಚ್ಚು. 'ಮೂಕ್' ಎಂಬ ಹೆಸರು ಹುಟ್ಟಿದ್ದು ಆಗಲೇ. ನಮ್ಮ ಕಿವಿಗೆ ಅದು 'ಮೂಕ' ಎಂದು ಕೇಳಿಸುವುದು ಬೇರೆ ತಮಾಷೆ.

ಕೋರ್ಸಿನ ಕೊನೆಯ ಪರೀಕ್ಷೆಯನ್ನು ಕೇಂದ್ರಕ್ಕೇ ಹೋಗಿ ಬರೆಯಬೇಕು. ಮಗಳನ್ನು ಅತ್ತೆಯವರ ಬಳಿ ಬಿಟ್ಟು ಹೋದೆ. ಅಲ್ಲಿ ಸಾಲಾಗಿ ಕೂತಿದ್ದವರ ಮುಖಗಳನ್ನು ನೋಡುತ್ತಾ, ಆ ರಾತ್ರಿ ನನಗೆ ಉತ್ತರ ಬರೆದವರು ಇವರಲ್ಲೇ ಯಾರಾದರೂ ಇರಬಹುದೇ ಎಂದು ಹುಡುಕುತ್ತಿದ್ದೆ.