ಸ್ಟುಡಿಯೊ ಕುಂಬಾರಿಕೆ: ಜಪಾನೀ ಪ್ರಭಾವ ಮತ್ತು ಗ್ಲೇಜ್

ಸ್ಟುಡಿಯೊ ಕುಂಬಾರಿಕೆ ಎಂದರೆ ಮಣ್ಣು ಹದ ಮಾಡುವುದರಿಂದ ಹಿಡಿದು ಸುಡುವವರೆಗೆ ಒಬ್ಬರೋ ಸಣ್ಣ ತಂಡವೋ ಕೈಯಾರೆ ಮಾಡುವ ಕುಂಬಾರಿಕೆ. ಭಾರತದಲ್ಲಿ ಇದಕ್ಕೆ ದಾರಿ ತೆರೆದವರು ಗುರುಚರಣ್ ಸಿಂಗ್ (1896–1995). 1919ರಲ್ಲಿ ಜಪಾನಿಗೆ ಹೋಗಿ ಈ ವಿದ್ಯೆ ಕಲಿತ ಅವರಿಗೆ ಚಿಂತಕ ಯಾನಾಗಿ ಸೊಯೆತ್ಸು, ಕುಂಬಾರರಾದ ಹಮಾದ ಶೋಜಿ ಮತ್ತು ಬರ್ನಾರ್ಡ್ ಲೀಚ್ ಅವರ ಒಡನಾಟ ಸಿಕ್ಕಿತು. ಹೆಸರಿಲ್ಲದ ಹಳ್ಳಿ ಕುಂಬಾರನ ದಿನಬಳಕೆಯ ಬಟ್ಟಲಲ್ಲಿ ಚೆಲುವು ಕಂಡ ಬಳಗವದು. ಲೀಚ್ ಮತ್ತು ಹಮಾದ 1920ರಲ್ಲಿ ಇಂಗ್ಲೆಂಡಿನ ಸೇಂಟ್ ಐವ್ಸ್‌ನಲ್ಲಿ ಕುಂಬಾರಿಕೆ ಕೇಂದ್ರ ತೆರೆದರು. ಸಿಂಗ್ 1952ರಲ್ಲಿ ದೆಹಲಿ ಬ್ಲೂ ಪಾಟರಿ ತೆರೆದರು. ದಕ್ಷಿಣದ ಮುಖ್ಯ ಕೇಂದ್ರ ಪುದುಚೇರಿಯ ಗೋಲ್ಡನ್ ಬ್ರಿಜ್ ಪಾಟರಿ. 1971ರಲ್ಲಿ ರೇ ಮೀಕರ್ ಜೊತೆ ಅದನ್ನು ಕಟ್ಟಿದ ಡೆಬೊರಾ ಸ್ಮಿತ್, ಜಪಾನಿನ ಬಿಜೆನ್‌ನಲ್ಲಿ ಪಳಗಿದವರು.

ಗ್ಲೇಜ್ ಎಂದರೆ ಪಾತ್ರೆಯ ಮೈಮೇಲೆ ಕರಗಿ ಅಂಟಿದ ಗಾಜು. ಸಿಲಿಕಾ ಗಾಜಾಗುತ್ತದೆ, ಅಲ್ಯುಮಿನಾ ಅದು ಹರಿದುಹೋಗದಂತೆ ಹಿಡಿಯುತ್ತದೆ, ಸುಣ್ಣ ಮತ್ತು ಪೊಟ್ಯಾಶ್ ಅದನ್ನು ಬೇಗ ಕರಗಿಸುತ್ತವೆ. ಸೌದೆಯ ಬೂದಿಯಲ್ಲಿ ಈ ಕರಗಿಸುವ ಅಂಶಗಳು ಧಾರಾಳ. ಹೀಗಾಗಿ ಜಪಾನೀ ಕುಂಬಾರರು ಬೂದಿಯನ್ನೇ ಗ್ಲೇಜಿಗೆ ಮೂಲವಾಗಿಸಿಕೊಂಡರು. ಚಳ್ಳಕೆರೆಯ ಶೇಂಗಾ ಸಿಪ್ಪೆಯ ಬೂದಿಯೂ ಈ ಕೆಲಸಕ್ಕೆ ಒಗ್ಗದ ವಸ್ತುವೇನಲ್ಲ. ಬಣ್ಣ ಕೊಡುವುದು ಬಹುಮಟ್ಟಿಗೆ ಕಬ್ಬಿಣ: ಗಾಳಿ ಕಟ್ಟಿದ ಗೂಡಿನಲ್ಲಿ ಶೇಕಡ 1–2ರಷ್ಟಿದ್ದರೆ ತಿಳಿಹಸಿರು ಸೆಲಡಾನ್, 8–10ರಷ್ಟಿದ್ದರೆ ಕಪ್ಪು-ಕಂದಿನ ಟೆನ್ಮೊಕು.

ಗಾಳಿ ಮತ್ತು ಕಬ್ಬಿಣದ ಈ ಆಟ ಮೊಳಕಾಲ್ಮೂರು ತಾಲ್ಲೂಕಿಗೆ ಹೊಸದಲ್ಲ. ಜಪಾನಿನ ಪಾತ್ರ ಇದರಲ್ಲಿ ಏನೂ ಇಲ್ಲ. ಅಲ್ಲಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವ್ಹೀಲರ್ ನಡೆಸಿದ ಉತ್ಖನನದಲ್ಲಿ ತಳದ ಪದರಗಳಲ್ಲಿ ಕೈಯಿಂದ ಮಾಡಿದ ಒರಟು ಬೂದುಬಣ್ಣದ ಮಡಕೆಗಳೂ, ಮೇಲೆ ಬೃಹತ್ ಶಿಲಾಯುಗದ ಕಪ್ಪು-ಕೆಂಪು ಮಡಕೆಗಳೂ ದೊರೆತವು. ವ್ಹೀಲರ್ ಈ ಪದರಗಳಿಗೆ ಕೊಟ್ಟ ಕಾಲ ತೀರ ಈಚಿನದೆಂದು ಆಮೇಲೆ ರೇಡಿಯೊಕಾರ್ಬನ್ ತೋರಿಸಿತು. ಕಪ್ಪು-ಕೆಂಪು ಮಡಕೆಯ ಹೊರಮೈ ಗಾಳಿ ತಾಗಿ ಕೆಂಪಾಗಿದೆ, ಒಳಮೈ ಮತ್ತು ಬಾಯಂಚು ಗಾಳಿಯಿಲ್ಲದೆ ಕಪ್ಪಾಗಿವೆ. ನೋಡಿದವರು ಗ್ಲೇಜ್ ಎಂದು ತಪ್ಪು ತಿಳಿಯುವಷ್ಟು ನುಣುಪು ಅದರ ಹೊಳಪು. ಆದರೆ ಅದು ಸುಡುವ ಮೊದಲು ಉಜ್ಜಿ ತಂದ ಮೆರುಗು.

ಹಳ್ಳಿಯ ಆವಿಗೆಯ ಕಾವು ಸಾಮಾನ್ಯವಾಗಿ 700–900 ಡಿಗ್ರಿ ಸೆಲ್ಸಿಯಸ್. ಬೂದಿಯ ಗ್ಲೇಜ್ ಕರಗಲು 1,200ಕ್ಕಿಂತ ಹೆಚ್ಚು ಬೇಕು. ಅಷ್ಟು ಕಾವಿಗೆ ಊರ ಕೆರೆಮಣ್ಣು ಸೊಟ್ಟಗಾಗಿ ಕುಸಿಯಬಹುದು, ಹಾಗಾಗಿ ಸ್ಟುಡಿಯೊದವರು ಬೇರೆ ಮಣ್ಣು ಬೆರೆಸುತ್ತಾರೆ. ನೀರಿನ ಮಡಕೆಗಂತೂ ಗ್ಲೇಜ್ ಬೇಡವೇ ಬೇಡ: ಮೈಯಿಂದ ಜಿನುಗುವ ನೀರು ಆರುವಾಗಲೇ ಒಳಗಿನದು ತಂಪಾಗುವುದು.